ಗವಿಯೊಳಗೆ ಗಂಡನ ಹೆಸರು

ಗವಿಗೆ ಇಳಿಯುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು ಎಂದರೆ ಮದುವೆ ಮನೆಗಳಲ್ಲಿ ಜನ ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. "ಅದಕ್ಕೂ ಸಂಬಳ ಕೊಡ್ತಾರೇನ್ರೀ?" ಎನ್ನುವುದು ಮೊದಲ ಪ್ರಶ್ನೆ. "ಒಳಗೆ ಏನೈತ್ರೀ?" ಎನ್ನುವುದು ಎರಡನೆಯದು. ಕೊಡುತ್ತಿದ್ದರು, ಒಳಗೆ ಏನೂ ಇಲ್ಲ ಎಂದು ಎರಡಕ್ಕೂ ಒಟ್ಟಿಗೇ ಉತ್ತರ ಹೇಳಿ ನಾನು ಸಾರು ಹಾಕಿಸಿಕೊಳ್ಳುತ್ತೇನೆ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ನಮ್ಮ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊನ್ನೆ ಬಂದು, "ಸರ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ಸ್ಫೂರ್ತಿ ಬೇಕು" ಎಂದರು. ಸ್ಫೂರ್ತಿ ನನ್ನ ಹತ್ತಿರ ಇಲ್ಲ. ಇರುವುದನ್ನು ಬರೆದಿದ್ದೇನೆ, ಬೇಕಾದರೆ ಓದಿಕೊಳ್ಳಿ.

ನಾನು ಸೊರಬದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಶಿಕಾರಿಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಸಾಹಸ ತರಬೇತಿ ಕೇಂದ್ರ ಶುರುವಾಗುತ್ತದೆ, ಗವಿ ಹೊಕ್ಕು ಬರುವುದನ್ನು ಕಲಿಸಲು ಒಬ್ಬರು ಬೇಕು ಎಂದು ಆದೇಶ ಬಂತು. ಅದನ್ನು ಓದಿದ ದಿನವೇ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬೆನ್ನುನೋವು ಶುರುವಾಯಿತು. ಗಣಿತದ ಮೇಷ್ಟ್ರಂತೂ ಕುರ್ಚಿಯಿಂದ ಏಳಲೇ ಇಲ್ಲ. ನಾನು ಆ ದಿನ ರಜೆಯಲ್ಲಿದ್ದೆ. ಮರುದಿನ ಬಂದಾಗ ಎಲ್ಲರೂ ಎದ್ದು ನಿಂತು ನನಗೆ ಅಭಿನಂದನೆ ಹೇಳಿದರು.

ಕೇಂದ್ರದ ಮುಖ್ಯಸ್ಥರು ರುದ್ರಮುನಿ ಸರ್. ಗವಿಗಳ ವಿಷಯದಲ್ಲಿ ಅವರು ಓದದ ಪುಸ್ತಕವಿರಲಿಲ್ಲ, ಹೊಕ್ಕ ಗವಿಯೂ ಇರಲಿಲ್ಲ. ಇಳಿಜಾರು, ಇರುಕು, ಹಗ್ಗ, ಗಂಟು ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚೆಂದಕ್ಕೆ ಬರೆದು ತೋರಿಸುತ್ತಿದ್ದರು. ಗವಿಯ ಬಾಯಿಯವರೆಗೆ ನಮ್ಮ ಜೊತೆ ಬಂದು, "ಹೊರಗೆ ಒಬ್ಬ ಜವಾಬ್ದಾರಿ ಇರೋನು ಬೇಕಲ್ರೀ" ಎಂದು ಕೊಡೆ ಬಿಚ್ಚಿ ಕುಳಿತುಬಿಡುತ್ತಿದ್ದರು. ಆ ಮಾತನ್ನು ನಾನು ಆಡಿಕೊಳ್ಳುವ ಹಾಗಿಲ್ಲ. ಹೊರಗೆ ಒಬ್ಬರು ಇರಲೇಬೇಕು ಎನ್ನುವುದು ನಿಜವಾದ ನಿಯಮವೇ. ಆದರೆ ಅದು ಪ್ರತಿ ಸಲವೂ ಅವರೇ ಆಗಬೇಕು ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಮೊದಲ ಪಾಠ ತೆವಳುವುದು. ಗವಿಗೆ ಹೋಗುವ ಮೊದಲು ಕೇಂದ್ರದ ಹಾಲಿನಲ್ಲೇ ಅಭ್ಯಾಸ. ಬೆಂಚುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಟಾರ್ಪಾಲು ಹೊದಿಸಿ, ಕಲಿಯುವವರ ಕಣ್ಣಿಗೆ ಟವೆಲು ಕಟ್ಟಿ ಒಳಗೆ ಬಿಡುತ್ತಿದ್ದೆವು. ಹೊಟ್ಟೆ ನೆಲಕ್ಕೆ, ಕೈ ಮುಂದಕ್ಕೆ, ಮುಟ್ಟಿದ್ದು ಏನು ಎಂದು ಕೂಗಿ ಹೇಳಬೇಕು. ಒಬ್ಬ ಹುಡುಗ ಎಲ್ಲಿ ದಾರಿ ತಪ್ಪಿದನೋ, ಟಾರ್ಪಾಲಿನಿಂದಾಚೆ ಹೋಗಿ ರುದ್ರಮುನಿ ಸರ್ ಮೇಜಿನ ಕೆಳಗೆ ಸೇರಿಕೊಂಡ. ಅವರು ಬೂಟು ಬಿಚ್ಚಿ ಕಾಲು ಚಾಚಿ ನಿದ್ದೆಯಲ್ಲಿದ್ದರು. ಹುಡುಗ ಪಾದವನ್ನು ಎರಡೂ ಕೈಯಲ್ಲಿ ಸವರಿ, "ಸರ್, ಮೆತ್ತಗಿನ ಕಲ್ಲು! ಬೆಚ್ಚಗೈತಿ ಸರ್!" ಎಂದು ಕೂಗಿದ. ರುದ್ರಮುನಿ ಸರ್ ಕುರ್ಚಿ ಸಮೇತ ಹಿಂದಕ್ಕೆ ಹೋದರು. ಅಂದಿನಿಂದ ತೆವಳುವ ಪಾಠ ಅಂಗಳಕ್ಕೆ ವರ್ಗವಾಯಿತು.

ನಾವು ಹೆಚ್ಚಾಗಿ ಹೋಗುತ್ತಿದ್ದುದು ತೋಳನ ಗವಿಗೆ. ತೋಳವನ್ನು ಕಂಡವರು ಯಾರೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಬಾಯಿ ತಗ್ಗು, ಕುಳಿತೇ ಹೋಗಬೇಕು. ಆಮೇಲೆ ಹೊಟ್ಟೆಯ ಮೇಲೆ ತೆವಳುವ ಒಂದು ಇರುಕು, ಅದು ದಾಟಿದರೆ ಹತ್ತು ಜನ ನಿಲ್ಲಬಹುದಾದ ಒಂದು ಕೋಣೆ, ಕೋಣೆಯ ಕೊನೆಗೆ ಬಾವಿಯಂಥ ಒಂದು ಕೊರಕಲು. ಅದರೊಳಗೆ ಹಗ್ಗದ ಮೇಲೇ ಇಳಿಯಬೇಕು. ಬಾಯಿಯ ಹತ್ತಿರ ಕುಂಕುಮ ಹಚ್ಚಿದ ಒಂದು ಕಲ್ಲಿದೆ. ಅದು ಗವಿಯಪ್ಪ.

ಮೊದಲ ತಂಡವನ್ನು ಕರೆದುಕೊಂಡು ಹೋದ ದಿನ ಎಲ್ಲರೂ ಗವಿಯಪ್ಪನ ಮುಂದೆ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಒಳಗಿನ ಕಲ್ಲು ಜಂಬಿಟ್ಟಿಗೆ, ತುರಿಯುವ ಮಣೆಯ ಹಾಗಿತ್ತು. ಅರ್ಧ ದಾರಿಯಲ್ಲಿ ಎಲ್ಲರೂ ಅಯ್ಯಪ್ಪಾ ಎಂದು ಹೊರಗೆ ಬಂದರು. ಶೂ ಹಾಕಿಕೊಂಡು ಹೋಗಿ ಎಂದರೆ ಊರಿನ ಹಿರಿಯರು ಒಪ್ಪಲಿಲ್ಲ. ಎರಡು ಸಂಜೆ ಕಟ್ಟೆಯ ಮೇಲೆ ಮಾತುಕತೆಯಾಯಿತು. ಕೊನೆಗೆ ಹಿರಿಯರೇ ಕೇಳಿದರು: "ರಸ್ತೆ ತುಳಿದ ಶೂ ಮೈಲಿಗೆ, ಸರಿ. ರಸ್ತೇನೇ ತುಳೀದಿದ್ದ ಶೂ?" ಹೀಗೆ ಹುಟ್ಟಿದ್ದು ನಮ್ಮ ಕೇಂದ್ರದ ಮಡಿ ಶೂ. ಚೀಲದಲ್ಲಿ ಹೊತ್ತುಕೊಂಡು ಹೋಗಿ, ಗವಿಯ ಬಾಯಲ್ಲಿ ಒಂದು ಚಾಪೆ ಹಾಸಿ, ಅದರ ಮೇಲೆ ಕುಳಿತು ಹಾಕಿಕೊಂಡು ಒಳಗೆ ಹೋಗುವುದು. ಹೊರಗೆ ಬಂದ ಮೇಲೆ ಮತ್ತೆ ಚಾಪೆ, ಮತ್ತೆ ಚೀಲ. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಇದನ್ನು ನೋಡಿ ಬಹಳ ವೈಜ್ಞಾನಿಕವಾಗಿದೆ, ಹೊರಗಿನ ಕೊಳೆ ಗವಿಗೆ ಸೇರುವುದಿಲ್ಲ ಎಂದು ಮೆಚ್ಚಿಕೊಂಡರು. ರುದ್ರಮುನಿ ಸರ್ ಅದು ತಮ್ಮದೇ ಯೋಜನೆ ಎಂದರು. ಗವಿಯಪ್ಪ ಸುಮ್ಮನಿದ್ದ.

ಕ್ಯಾಸನೂರಿನ ಕಡೆಯ ಕಾಡಂಚಿಗೆ ಹೋಗುವಾಗ ಆಸ್ಪತ್ರೆಯಲ್ಲಿ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಮಂಗನ ಕಾಯಿಲೆ ತರುವ ಉಣುಗಿನ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಎಣ್ಣೆಯಿಂದ ಇನ್ನೊಂದು ಅನುಕೂಲವೂ ಇತ್ತು, ವಾಪಸ್ ಬರುವಾಗ ಬಸ್ಸು ಎಷ್ಟೇ ತುಂಬಿದ್ದರೂ ನಮ್ಮ ಸುತ್ತ ಜಾಗ ಇರುತ್ತಿತ್ತು.

ಹಗ್ಗದ ಪಾಠ ಸೊರಬದ ಹತ್ತಿರದ ಒಂದು ಹಳೆಯ ಕಲ್ಲು ಕ್ವಾರಿಯಲ್ಲಿ. ಮೊದಮೊದಲು ನಮ್ಮಲ್ಲಿದ್ದದ್ದು ತೆಂಗಿನ ನಾರಿನ ಹಗ್ಗ, ತಲೆಗೆ ಟವೆಲಿನಿಂದ ಕಟ್ಟಿಕೊಂಡ ಟಾರ್ಚು, ಮೊಣಕಾಲಿಗೆ ಸೈಕಲ್ ಟ್ಯೂಬು. ನೈಲಾನ್ ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ಟಿನ ಮೇಲೆ ದೀಪ ಎಲ್ಲ ಆಮೇಲೆ ಬಂದವು, ಒಳ್ಳೆಯದೇ ಆಯಿತು. ಆದರೆ ಗಂಟು ಹಾಕುವುದು ಇಂದಿಗೂ ಕೈಯೇ. ಒಮ್ಮೆ ರೈತರ ಮನೆಯ ಕುಮಾರ ಎಂಬ ಯುವಕನಿಗೆ ನನ್ನನ್ನೇ ಕಟ್ಟಿ ಇಳಿಸು ಎಂದೆ. ಅವನ ಕೈ ಎಷ್ಟು ಚುರುಕು ಎಂದರೆ ನಾನು ಕಣ್ಣು ಮಿಟುಕಿಸುವುದರೊಳಗೆ ಗಂಟು ಬಿದ್ದಿತ್ತು. ಮೆಚ್ಚಿಕೊಳ್ಳುತ್ತಲೇ ಇಳಿದೆ. ಕ್ವಾರಿಯ ತಳದಲ್ಲಿ ಮಳೆಗಾಲದ ನೀರು ನಿಂತಿತ್ತು, ಅದರಲ್ಲಿ ಎರಡು ಎಮ್ಮೆ ಮಲಗಿದ್ದವು. ಇನ್ನು ಒಂದಾಳು ಎತ್ತರ ಇದೆ ಎನ್ನುವಾಗ ಹಗ್ಗದ ತುದಿ ಕುಮಾರನ ಕಾಲಿಗೆ ಸಿಕ್ಕಿ ಎಳೆಯಿತು, ಮೇಲೆ ಮರಕ್ಕೆ ಬಿಗಿದಿದ್ದ ಗಂಟು ಹೂವಿನ ಹಾಗೆ ಬಿಚ್ಚಿಕೊಂಡಿತು. ನಾನು ಎಮ್ಮೆಗಳ ನಡುವೆ ಕುಳಿತಿದ್ದೆ.

"ಇದೆಂಥ ಗಂಟೋ?" ಎಂದು ಕೆಳಗಿನಿಂದ ಕೂಗಿದೆ.

"ನಮ್ ಹೋರಿಗೆ ಹಿಂಗೇ ಕಟ್ಟಾದು ಸರ್. ಬೆದರಿದ್ರೆ ಒಂದೇ ಎಳೆತಕ್ಕೆ ಬಿಚ್ಚಬೇಕಲ್ಲ ಸರ್."

"ನಾನು ಬೆದರಿದ್ನೇನೋ?"

"ಇಲ್ಲ ಸರ್. ನೀವ್ ಚೆನ್ನಾಗೇ ಇಳಿದ್ರಿ."

ಈಗಲೂ ನಾನು ಹೇಳುವುದು ಇಷ್ಟೇ. ದನ ಕಟ್ಟಿ ಅಭ್ಯಾಸ ಇರುವವರಿಗೆ ಗಂಟು ಹೇಳಿಕೊಡುವಾಗ, ಮೊದಲು ಅವರ ಗಂಟನ್ನು ಮರೆಸಿ, ಆಮೇಲೆ ನಿಮ್ಮದನ್ನು ಕಲಿಸಿ.

ಎಲ್ಲಕ್ಕಿಂತ ಕೊನೆಯ ಪಾಠ ಗುಂಪು ನಡೆಸುವುದು. ಅದಕ್ಕೆ ನಾನು ಮೂರೇ ಮಾತು ಇಟ್ಟುಕೊಂಡಿದ್ದೆ. ದಾರಿ ತಪ್ಪಿದವನು ಅಲ್ಲೇ ಕೂರಬೇಕು, ಅಲೆಯಬಾರದು. ಒಳಗೆ ಲೀಡರ್ ಒಬ್ಬರದೇ ದನಿ, ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲ. ಮತ್ತೆ, ಪ್ರತಿ ತಿರುವಿನಲ್ಲೂ ಲೀಡರ್ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು, ಅವರು "ಇದೀನಿ" ಎನ್ನಬೇಕು. ಇಷ್ಟು ಸುಲಭದ ನಿಯಮದಲ್ಲಿ ತಪ್ಪು ಎಲ್ಲಿಂದ ನುಸುಳೀತು ಎಂದುಕೊಂಡಿದ್ದೆ. ಸವಿತಾಳ ಪರೀಕ್ಷೆಯ ದಿನ ಗೊತ್ತಾಯಿತು.

ಸವಿತಾ ಬಳ್ಳಿಗಾವಿ ಕಡೆಯ ರೈತರ ಮನೆಯ ಸೊಸೆ. ಮಹಿಳಾ ಸಂಘದವರ ಜೊತೆ ಒಂದು ದಿನದ ಶಿಬಿರಕ್ಕೆಂದು ಬಂದವಳು, ಮರುವಾರ ಒಬ್ಬಳೇ ಬಂದಳು. ತೆವಳುವುದು, ಹಗ್ಗ, ಗಂಟು ಎಲ್ಲವನ್ನೂ ಕಲಿತಳು. ಕೊರಕಲಿಗೆ ಇಳಿದು ಹತ್ತುವುದರಲ್ಲಿ ಕುಮಾರನನ್ನೂ ಹಿಂದೆ ಹಾಕಿದಳು. ಕೇಂದ್ರಕ್ಕೆ ಒಬ್ಬ ಲೀಡರ್ ಬೇಕು ಎಂದಾಗ ಅವಳ ಮುಖ ನೋಡಬೇಕಿತ್ತು. "ಸರ್, ಹೊಲದಾಗೆ ಎಷ್ಟ್ ದುಡಿದ್ರೂ ಅದು ಮನೆ ಕೆಲ್ಸ. ಮನೆಯಾಗೆ ದುಡಿದ್ರೂ ಮನೆ ಕೆಲ್ಸ. ಇದು ನನ್ ಕೆಲ್ಸ ಅಂತ ಒಂದು ಇರ್ಲಿ ಸರ್ ನಂಗೆ" ಎಂದಳು.

ಅಡ್ಡ ಇದ್ದವರು ಇಬ್ಬರು. ರುದ್ರಮುನಿ ಸರ್, "ಪರೀಕ್ಷೇಲಿ ಒಬ್ರೇ ಒಬ್ರು ಹೆಚ್ಚುಕಡಿಮೆ ಆದ್ರೂ ನಾನು ಸಹಿ ಹಾಕಲ್ಲ ಕಣ್ರೀ" ಎಂದಿದ್ದರು. ಅವಳ ಅತ್ತೆ ಹಾಲಮ್ಮ ಇನ್ನೂ ಸ್ಪಷ್ಟವಾಗಿ ಹೇಳಿದ್ದರು: "ಪರೀಕ್ಷೆಗೆ ನನ್ ಮಗನ್ನ ಜೊತೆಗೆ ಕರ್ಕಂಡ್ ಹೋಗ್ಲಿ. ಹೆಂಗೆ ಕರ್ಕಂಡ್ ಹೋದ್ಳೋ ಹಂಗೇ ವಾಪಸ್ ತಂದ್ರೆ, ಕೆಲ್ಸದ್ ಮಾತು ಆಮೇಲೆ."

ಪರೀಕ್ಷೆಯ ದಿನ ಇಡೀ ಸಂಸಾರ ಗೂಡ್ಸ್ ಆಟೋದಲ್ಲಿ ಬಂದಿಳಿಯಿತು. ಹಾಲಮ್ಮ ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಗವಿಯಪ್ಪನಿಗೆ ಕೈಮುಗಿದು ರುದ್ರಮುನಿ ಸರ್ ಪಕ್ಕದಲ್ಲೇ ಕುಳಿತರು. ಅವರ ಗಂಡ, ಮಾತಿಲ್ಲದ ಮುದುಕರು, ಹೊಂಗೆ ಮರದ ಕೆಳಗೆ ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿದರು. ಸವಿತಾಳ ಗಂಡ ಪರಮೇಶಪ್ಪ ತಾಯಿ ಕಟ್ಟಿಕೊಟ್ಟ ಚಕ್ಕುಲಿಯನ್ನು ಎರಡೂ ಜೇಬಿಗೆ ತುಂಬಿಕೊಂಡು ಹೆಲ್ಮೆಟ್ ಹಾಕಿಕೊಂಡ. ಗುಂಪಿನಲ್ಲಿ ಕುಮಾರ, ನಾಗರತ್ನ ಎಂಬ ಅಂಗನವಾಡಿ ಟೀಚರು, ಇಬ್ಬರು ಶಾಲೆ ಮೇಷ್ಟ್ರು. ಪರಮೇಶಪ್ಪ ಎಲ್ಲರ ಹಿಂದೆ, ಕೊನೆಯವನು. ಹಗ್ಗ ಕಟ್ಟುವ ಜಾಗ ನೋಡಬೇಕೆಂದು ನಾನು ಮುಂದಾಗಿ ಹೋಗಿ ಕೊರಕಲಿನ ಹತ್ತಿರ ಕುಳಿತೆ.

ಇರುಕು ದಾಟಿ ಒಬ್ಬೊಬ್ಬರೇ ಕೋಣೆಗೆ ಬಂದರು. ಸವಿತಾ ಹೇಳಿಕೊಟ್ಟ ಹಾಗೆಯೇ ನಿಂತು ಕರೆದಳು.

"ಕುಮಾರ!" "ಇದೀನಿ." "ನಾಗರತ್ನ!" "ಇದೀನಿ." ಇಬ್ಬರು ಮೇಷ್ಟ್ರದ್ದೂ ಆಯಿತು. ಉಳಿದವನು ಪರಮೇಶಪ್ಪ. ಗಂಡನ ಹೆಸರು ಹೇಳುವ ಅಭ್ಯಾಸ ಅವಳಿಗಿಲ್ಲ. ಅವಳಿಗೇನು, ಆ ಮನೆಯಲ್ಲಿ ಯಾವ ಹೆಂಗಸಿಗೂ ಇರಲಿಲ್ಲ. ತಲೆ ತಗ್ಗಿಸಿ, ಕತ್ತಲಿನ ಕಡೆ ತಿರುಗಿ, "ರೀ..." ಎಂದಳು.

"ಹೂಂ" ಎಂದರು ಕುಮಾರ ಮತ್ತು ಇಬ್ಬರು ಮೇಷ್ಟ್ರು, ಒಟ್ಟಿಗೇ. ಮೂವರಿಗೂ ಮದುವೆಯಾಗಿತ್ತು. ಕತ್ತಲಲ್ಲಿ ಹೆಣ್ಣುದನಿ "ರೀ" ಎಂದರೆ ಹೂಂಗುಟ್ಟುವುದು ಅವರ ಕೈಯಲ್ಲಿರಲಿಲ್ಲ. ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಸವಿತಾಳಿಗೆ ಒಂದು ಹೂಂ ತನ್ನ ಗಂಡನದೇ ಎಂದು ಕೇಳಿಸಿತು. ನನಗೂ ಹಾಗೇ ಕೇಳಿಸಿತು.

ಅವಳು ಹಗ್ಗ ಕಟ್ಟಿದಳು, ಗಂಟು ಎರಡೆರಡು ಸಲ ಜಗ್ಗಿ ನೋಡಿದಳು, ಕೊನೆಯವರನ್ನು ಮೊದಲು ಇಳಿಸೋಣ ಎಂದು ತಿರುಗಿದರೆ ಕೊನೆಯವರು ಇಲ್ಲ. ದೀಪ ಎಣಿಸಿದಳು. ಒಂದು ದೀಪ ಕಡಿಮೆ.

"ಸರ್, ನಮ್ಮನೆಯವ್ರು ಇಲ್ಲ ಸರ್" ಎಂದಳು.

"ಕರಿ."

"ಹೆಂಗೆ ಕರೀಲಿ ಸರ್?"

"ಹೆಸರು ಹಿಡಿದು ಕರಿ. ಇನ್ನೊಂದ್ಸಲ ರೀ ಅಂದ್ರೆ ಮತ್ತೆ ಇವ್ರೇ ಹೂಂ ಅಂತಾರೆ."

ಕುಮಾರ, "ನಾನ್ ಕೂಗ್ಲಾ ಸರ್?" ಎಂದ. ಲೀಡರ್ ಒಬ್ಬರದೇ ದನಿ ಎಂದು ಗದರಿದೆ. ಇರುಕಿನಲ್ಲಿ ಒಂದೇ ದಾರಿ, ಪಕ್ಕದಲ್ಲಿ ಒಂದೇ ಒಂದು ಗೂಡು, ಅವನು ಎಲ್ಲಿಗೂ ಹೋಗಿರಲಾರ ಎಂಬುದು ನನಗೆ ಗೊತ್ತಿತ್ತು. ಸವಿತಾ ಸೆರಗಿಲ್ಲದ ಹೆಗಲ ಮೇಲೆ ಸೆರಗು ಹುಡುಕಿದಳು. ಶಿಬಿರದ ಟೀ ಶರ್ಟು ಅದು, ಸಿಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕೂಗಿದಳು:

"ಪರಮೇಶಪ್ಪಾ!"

ಉತ್ತರವಿಲ್ಲ. "ಪರಮೇಶಪ್ಪಾ!" ಇನ್ನೂ ಜೋರಾಗಿ. ಅದಕ್ಕೂ ಇಲ್ಲ. ಮೂರನೆಯ ಸಲಕ್ಕೂ ಇಲ್ಲ. ಪ್ರಜ್ಞೆ ಇರುವವನು ಓಗೊಡದೆ ಇರುತ್ತಾನೆಯೇ? ನಾನು ಎದ್ದೆ. ಸವಿತಾ ಕೈ ಅಡ್ಡ ಹಿಡಿದಳು.

"ನೀವ್ ಹಗ್ಗದ ಹತ್ರ ಇರ್ರಿ ಸರ್. ಕುಮಾರ, ಕೊರಕಲ ಕಡೆ ಯಾರ್ನೂ ಬಿಡಬ್ಯಾಡ. ನಾಗರತ್ನಕ್ಕ, ಎಲ್ರೂ ಕುಂತ್ಕಳ್ಳಿ. ನಾನ್ ಹೋಗ್ತೀನಿ." ನಾನು ಕುಳಿತೆ. ಅಷ್ಟು ವರ್ಷಗಳಲ್ಲಿ ಗವಿಯೊಳಗೆ ನನ್ನನ್ನು ಕೂರಿಸಿದವಳು ಅವಳೊಬ್ಬಳೇ.

ಅವಳು ಇರುಕಿನೊಳಗೆ ತೆವಳಿ ಹೋದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು. ಈ ಸಲ ಹೆಸರಲ್ಲ, ಅಳು ಬೆರೆತ ಸಣ್ಣ ದನಿ: "ರೀ... ಎಲ್ಲಿದೀರ್ರೀ?"

"ಇಲ್ಲೇ ಇದೀನಿ ಕಣೆ" ಎಂದ ಪರಮೇಶಪ್ಪ, ಪಕ್ಕದ ಗೂಡಿನಿಂದ, ತಕ್ಷಣವೇ.

ಆಗಿದ್ದು ಇಷ್ಟು. ಎಲ್ಲರೂ ತೆವಳುವಾಗ ಅವನಿಗೆ ಚಕ್ಕುಲಿ ನೆನಪಾಗಿದೆ. ಗೂಡಿನಲ್ಲಿ ಕುಳಿತಿದ್ದಾನೆ. ಸುಮ್ಮನೆ ಯಾಕೆ ಉರಿಸುವುದು ಎಂದು ಮನೆಯ ಅಭ್ಯಾಸದ ಮೇಲೆ ದೀಪ ಆರಿಸಿದ್ದಾನೆ. ತಿಂದ ಮೇಲೆ ಎಣ್ಣೆಗೈಗೆ ದೀಪದ ಸಣ್ಣ ಗುಂಡಿ ಸಿಗಲೇ ಇಲ್ಲ. ದಾರಿ ತಪ್ಪಿದವನು ಅಲ್ಲೇ ಕೂರಬೇಕು ಎಂಬ ನನ್ನ ಪಾಠ ನೆನಪಿಸಿಕೊಂಡು ಕುಳಿತಿದ್ದಾನೆ.

"ಅಷ್ಟು ಕೂಗಿದ್ನಲ್ರೀ, ಓ ಅನ್ನಾಕೆ ಏನಾಗಿತ್ತು?" ಎಂದು ಸವಿತಾ ಈಗ ಬೆಂಕಿಯಾದಳು.

"ದನಿ ನಿಂದೇ ಅನ್ಸ್ತು. ಆದ್ರೆ ನನ್ ಹೆಸ್ರು ಕರೀತಿತ್ತಲ್ಲೇ! ಮದುವೆ ಆದಾಗಿಂದ ನೀನು ಒಂದ್ ದಿನಾನಾದ್ರೂ ಕರ್ದೀಯಾ? ಯಾವ್ದೋ ಗಾಳಿ ನಿನ್ ದನಿ ಕದ್ದೈತೆ ಅನ್ಕಂಡು ಬಾಯಿ ಮುಚ್ಕಂಡ್ ಕುಂತೆ."

ಅಷ್ಟರಲ್ಲಿ ಇರುಕಿನ ಆ ತುದಿಯಿಂದ ಬಳೆಗಳ ಸದ್ದು ಬಂತು. ಸೊಸೆ ಮಗನ ಹೆಸರು ಹಿಡಿದು ಕೂಗಿದ್ದು ಹೊರಗೆ ಹಾಲಮ್ಮನ ಕಿವಿಗೆ ಬಿದ್ದಿತ್ತು. ಇಂಥ ಮಾತು ಇವಳ ಬಾಯಲ್ಲಿ ಬಂದಿದೆ ಎಂದರೆ ಮಗ ಉಳಿದಿಲ್ಲ ಎಂದೇ ಅವರು ತೀರ್ಮಾನಿಸಿದ್ದರು. ರುದ್ರಮುನಿ ಸರ್ ತಡೆದರೂ ಕೇಳದೆ, ಅವರ ತಲೆಯ ಮೇಲಿನ ಹೆಲ್ಮೆಟ್ಟನ್ನೇ ಕಿತ್ತುಕೊಂಡು, ಸೀರೆ ಕಚ್ಚೆ ಹಾಕಿ, ಬರಿಗಾಲಲ್ಲಿ ಒಳಗೆ ನುಗ್ಗಿದ್ದರು. ಬಂದವರು ಇರುಕಿನ ನಟ್ಟನಡುವೆ ಸಿಕ್ಕಿಕೊಂಡರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಅಯ್ಯೋ, ನನ್ ಸೊಂಟ! ನನ್ ಮಗ!"

"ಮಗ ಚೆನ್ನಾಗದಾರೆ ಅತ್ತೆ. ಚಕ್ಕುಲಿ ತಿಂತಿದ್ರು. ನೀವೀಗ ಕೂಗಬ್ಯಾಡಿ, ಉಸಿರು ಹೊರಗೆ ಬಿಡಿ. ಪೂರ್ತಿ ಬಿಡಿ. ಎಲೆ ಅಡಿಕೆ ಚೀಲ ಸಿಕ್ಕೈತೆ, ಅದನ್ನ ಬಿಚ್ಚಿ ನನ್ ಕಡೆ ತಳ್ರಿ. ಬಲಗೈ ಮುಂದೆ. ನನ್ ಕೈ ಹಿಡೀರಿ. ಹೂಂ, ಬರ್ರಿ."

ಆ ಮನೆಯಲ್ಲಿ ಹಾಲಮ್ಮನಿಗೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಅವರು ಉಸಿರು ಬಿಟ್ಟರು, ಚೀಲ ತಳ್ಳಿದರು, ಕೈ ಹಿಡಿದರು, ಬಂದರು. ಮೊದಲು ಚೀಲ, ಆಮೇಲೆ ಸವಿತಾ, ಆಮೇಲೆ ಅತ್ತೆ, ಕೊನೆಗೆ ಪರಮೇಶಪ್ಪ, ಹೀಗೆ ಮೆರವಣಿಗೆ ಕೋಣೆ ತಲುಪಿತು.

"ಪರೀಕ್ಷೆ ಇಲ್ಲಿಗೆ ನಿಲ್ಸಾಣ್ವಾ?" ಎಂದು ಸವಿತಾಳನ್ನು ಕೇಳಿದೆ. "ಇನ್ನೂ ಹಗ್ಗ ಐತಲ್ಲ ಸರ್" ಎಂದಳು. ಹಾಲಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಗಂಡನ ಸೊಂಟಪಟ್ಟಿ ಬಿಗಿದಳು, ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡಳು. ಒಮ್ಮೆ ಬಾಯಿಗೆ ಬಂದ ಹೆಸರು ಈಗ ನಿಲ್ಲಲೇ ಇಲ್ಲ. "ಪರಮೇಶಪ್ಪ, ಕಾಲು ಅಗಲ ಇಡ್ರಿ! ಪರಮೇಶಪ್ಪ, ಕೆಳಗ್ ನೋಡಬ್ಯಾಡಿ! ಪರಮೇಶಪ್ಪ, ಹಗ್ಗ ನನ್ ಕೈಯಾಗೈತೆ, ಹೆದರಬ್ಯಾಡಿ!" ಅವನು ಕೆಳಗಿನಿಂದ ಪ್ರತಿ ಸಲವೂ "ಇದೀನಿ!" ಎಂದ. ಶಾಲೆಯಲ್ಲಿ ಹಾಜರಿ ಹೇಳುವಾಗಲೂ ಅವನು ಅಷ್ಟು ಖುಷಿಯಿಂದ ಹೇಳಿರಲಿಕ್ಕಿಲ್ಲ. ಹಾಲಮ್ಮ ಕೆಳಗೆ ಹೋಗುತ್ತಿರುವ ಮಗನನ್ನು ನೋಡಲಿಲ್ಲ. ಹಗ್ಗ ಬಿಡುತ್ತಿದ್ದ ಸೊಸೆಯ ಕೈಯನ್ನೇ ನೋಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಕತ್ತಲಿದ್ದುದರಿಂದ ಮರ್ಯಾದೆ ಉಳಿಯಿತು.

ಎಲ್ಲರೂ ಹೊರಗೆ ಬಂದು ಚಾಪೆಯ ಮೇಲೆ ಕುಳಿತಾಗ ರುದ್ರಮುನಿ ಸರ್ ಪೆನ್ನಿಗೆ ಮುಚ್ಚಳ ಹಾಕಿದರು. "ಒಬ್ಬ ಮೆಂಬರ್ ಕಳೆದುಹೋಗಿದಾನೆ. ಒಬ್ರು ಹೆಚ್ಚಿಗೆ ಬಂದಿದಾರೆ. ನಾನು ಸಹಿ ಹಾಕಲ್ಲ ಕಣ್ರೀ."

ನಾನು ಬಾಯಿ ತೆರೆಯುವ ಮೊದಲೇ ಹಾಲಮ್ಮ ಎದ್ದು ನಿಂತರು. ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು.

"ಕಳದ್ ಹೋಗಿದ್ದು ನನ್ ಮಗ. ಸಿಕ್ಕಂಡಿದ್ದು ನಾನು. ಇಬ್ರನ್ನೂ ಹೊರಗ್ ತಂದಿದ್ದು ನನ್ ಸೊಸೆ. ಇದ್ರಾಗೆ ನಿಮ್ದೇನ್ ಹೋತ್ರೀ? ನೀವು ಕೊಡೆ ಹಿಡ್ಕಂಡ್ ಕುಂತಿದ್ರಿ."

ರುದ್ರಮುನಿ ಸರ್ ನನ್ನ ಕಡೆ ನೋಡಿದರು. ಬೇಕಾದರೆ ಒಳಗೆ ಹೋಗಿ ಒಮ್ಮೆ ನೋಡಿಕೊಂಡು ಬನ್ನಿ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಆದರೂ ಸವಿತಾ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಹಾಲಮ್ಮ ಬುತ್ತಿಗಂಟು ಕಟ್ಟಿದರು, ಎಲೆ ಅಡಿಕೆ ಹಾಕಿಕೊಂಡರು, ಆಮೇಲೆ ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು: "ಸೋಮವಾರದಿಂದ ಬೆಳಿಗ್ಗೆ ರೊಟ್ಟಿ ನಾನೇ ಬಡೀತೀನಿ. ಇವಳಿಗೆ ಬಸ್ ತಪ್ಪಬಾರ್ದು." ಸವಿತಾ ಹೋಗಿ ಅತ್ತೆಯ ಕಾಲು ಮುಟ್ಟಿದಳು. ಕಾಲು ತುಂಬ ಕೆಂಪು ಮಣ್ಣು ಮೆತ್ತಿತ್ತು.

ಹೊರಡುವ ಹೊತ್ತಾಯಿತು. ಮುದುಕರು ಇನ್ನೂ ಹೊಂಗೆ ಮರದ ಕೆಳಗೆ ಮಲಗಿದ್ದರು. ಪರಮೇಶಪ್ಪ ಎಬ್ಬಿಸಲು ಹೊರಟ. ಹಾಲಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಸೊಸೆಯನ್ನೊಮ್ಮೆ ನೋಡಿದರು, ಎಲೆ ಅಡಿಕೆ ಉಗಿದರು, ಗಂಟಲು ಸರಿಮಾಡಿಕೊಂಡರು. ಆ ಮನುಷ್ಯನ ಹೆಸರನ್ನು ಅವರು ಜನ್ಮದಲ್ಲಿ ಹೇಳಿರಲಿಲ್ಲ. ಬೇರೆಯವರು ಹೇಳಿದ್ದನ್ನೂ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಜವಾನ ಕೂಗುವಾಗ ಮಾತ್ರ ಕೇಳಿದ್ದರು. ಹಾಗಾಗಿ ಹೇಗೆ ಕೇಳಿದ್ದರೋ ಹಾಗೇ ಕೂಗಿದರು, ಗುಡ್ಡವೆಲ್ಲ ಕೇಳುವಂತೆ:

"ಬಸಪ್ಪ ಬಿನ್ ಹನುಮಂತಪ್ಪಾ!"

ಮುದುಕರು ಟವೆಲು ಕಿತ್ತೆಸೆದು ದಡಕ್ಕನೆ ಎದ್ದು ನಿಂತು, ಕೈಮುಗಿದು, ಕಣ್ಣು ಬಿಡುವ ಮೊದಲೇ ಕೂಗಿದರು: "ಇದೀನಿ ಸಾರ್! ಪಹಣಿ ತಂದೀನಿ ಸಾರ್!"